ಎಚ್‌ಎಲ್‌ಎ-ಬಿ ಜೀನ್‌ನ ವೈವಿಧ್ಯವನ್ನು ನಾನು ಅಳೆದ ಬಗೆ

ಮನುಷ್ಯರಲ್ಲಿ ಅತಿ ಹೆಚ್ಚು ರೂಪಗಳಿರುವ ಜೀನ್‌ಗಳಲ್ಲಿ ಎಚ್‌ಎಲ್‌ಎ-ಬಿ ಒಂದು. ಇರುವುದು 6ನೇ ಕ್ರೋಮೋಸೋಮ್‌ನಲ್ಲಿ. ಜೀವಕೋಶದ ಒಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈಗೆ ತಂದು ಟಿ ಕೋಶಗಳಿಗೆ, ಅಂದರೆ ರೋಗದ ವಿರುದ್ಧ ಹೋರಾಡುವ ಕೋಶಗಳಿಗೆ, ತೋರಿಸುವುದು ಇದರ ಕೆಲಸ. ಒಳಗೆ ವೈರಸ್ ಇದ್ದರೆ ಅದರ ಚೂರೂ ಹೊರಗೆ ಕಾಣುತ್ತದೆ. ಯಾವ ಚೂರು ಕೈಗೆ ಸಿಗುತ್ತದೆ ಅನ್ನುವುದು ನಮ್ಮಲ್ಲಿ ಜೀನ್‌ನ ಯಾವ ರೂಪ, ಅಂದರೆ ಯಾವ ಅಲೀಲ್ ಇದೆ ಎಂಬುದರ ಮೇಲೆ ನಿಂತಿದೆ. ಬೇರೆ ಬೇರೆ ಸಮುದಾಯಗಳಲ್ಲಿ ಈ ಅಲೀಲ್‌ಗಳು ಹೇಗೆ ಹರಡಿವೆ ಎಂದು ನಾನೇ ಲೆಕ್ಕ ಹಾಕಿ ನೋಡಬೇಕು ಅನ್ನಿಸಿತು.

ಇದಕ್ಕೆ ಲ್ಯಾಬ್ ಬೇಕಿಲ್ಲ. 1000 ಜೀನೋಮ್ಸ್ ಪ್ರಾಜೆಕ್ಟ್‌ನಲ್ಲಿ 26 ಸಮುದಾಯಗಳ 2,504 ಜನರ ಡಿಎನ್‌ಎ ಮಾಹಿತಿ ಎಲ್ಲರಿಗೂ ತೆರೆದಿದೆ. ನ್ಯೂಯಾರ್ಕ್ ಜೀನೋಮ್ ಸೆಂಟರ್ ಇದೇ ಸ್ಯಾಂಪಲ್‌ಗಳನ್ನು ಮತ್ತೊಮ್ಮೆ 30 ಪಟ್ಟು ಆಳದಲ್ಲಿ, ಅಂದರೆ ಪ್ರತಿ ಜಾಗವನ್ನೂ ಸರಾಸರಿ 30 ಸಲ, ಓದಿದೆ. ಅದರಲ್ಲಿ ಸಂಬಂಧಿಕರೂ ಸೇರಿ ಒಟ್ಟು 3,202 ಜನ ಇದ್ದಾರೆ. ಅಪ್ಪ, ಅಮ್ಮ, ಮಗು ಮೂವರನ್ನೂ ಎಣಿಸಿದರೆ ಒಂದೇ ಅಲೀಲ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲಿನ 2,504 ಜನರನ್ನೇ ಇಟ್ಟುಕೊಂಡೆ.

ಪ್ರಾಜೆಕ್ಟ್ ಕೊಡುವ ಸಿದ್ಧ ವೇರಿಯಂಟ್ ಪಟ್ಟಿಯನ್ನು (ಯಾರ ಡಿಎನ್‌ಎ ಎಲ್ಲೆಲ್ಲಿ ಬೇರೆ ಎಂಬ ಪಟ್ಟಿ) ಈ ಜೀನ್‌ಗೆ ನಾನು ಬಳಸಲಿಲ್ಲ. ಕಾರಣ ಇದು. ಡಿಎನ್‌ಎ ಓದುವ ಯಂತ್ರ ಚಿಕ್ಕ ಚಿಕ್ಕ ತುಂಡುಗಳನ್ನು ಕೊಡುತ್ತದೆ. ಅವನ್ನು ಒಂದು ಮಾದರಿ ಜೀನೋಮ್‌ಗೆ ಹೊಂದಿಸಿ ನೋಡುತ್ತಾರೆ. ಎಚ್‌ಎಲ್‌ಎ-ಬಿ ಎಷ್ಟು ಬದಲಾಗುತ್ತದೆಂದರೆ, ಮಾದರಿಗೆ ದೂರವಾದ ಅಲೀಲ್‌ನ ತುಂಡುಗಳು ಅಲ್ಲಿ ಕೂರುವುದೇ ಇಲ್ಲ. ಕೆಲವು ಪಕ್ಕದ ಎಚ್‌ಎಲ್‌ಎ-ಸಿ ಜೀನ್‌ಗೆ ಹೋಗಿ ಅಂಟಿಕೊಳ್ಳುತ್ತವೆ. ಕೊನೆಗೆ ಮಾದರಿಯನ್ನು ಹೋಲುವ ರೂಪವೇ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ವೈವಿಧ್ಯ ಅಳೆಯಲು ಹೊರಟವರಿಗೆ ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ.

ಅದಕ್ಕೇ ತುಂಡುಗಳನ್ನೇ ತೆಗೆದುಕೊಂಡೆ. ಇಡೀ ಫೈಲ್ ಇಳಿಸಬೇಕಾಗಿಲ್ಲ. ಸ್ಯಾಮ್‌ಟೂಲ್ಸ್ ಎಂಬ ಸಾಫ್ಟ್‌ವೇರ್ ಬಳಸಿ ದೂರದಿಂದಲೇ ಬೇಕಾದ ಭಾಗ ಮಾತ್ರ ತರಿಸಿಕೊಳ್ಳಬಹುದು. ಒಂದು ಮಾತು ಮಾತ್ರ ನೆನಪಿರಲಿ: 6ನೇ ಕ್ರೋಮೋಸೋಮ್‌ನ ಆ ಜಾಗ ಒಂದೇ ಸಾಲದು. ಈ ಫೈಲ್‌ಗಳಲ್ಲಿ ಆ ಜಾಗದ ಪರ್ಯಾಯ ರೂಪಗಳೂ ಎಚ್‌ಎಲ್‌ಎ ಅಲೀಲ್‌ಗಳೂ ಬೇರೆ ಬೇರೆ ಹೆಸರಿನಲ್ಲಿ ಇರುತ್ತವೆ. ಅಲ್ಲಿ ಕೂತ ತುಂಡುಗಳನ್ನೂ ತರಬೇಕು. ಆಮೇಲೆ ಆಪ್ಟಿಟೈಪ್ ಎಂಬ ಪ್ರೋಗ್ರಾಂ ಓಡಿಸಿದೆ. ಅದು ಗೊತ್ತಿರುವ ಅಲೀಲ್‌ಗಳ ಜೊತೆ ತುಂಡುಗಳನ್ನು ಹೋಲಿಸಿ, ಪ್ರತಿಯೊಬ್ಬರಿಗೂ ಅತಿ ಚೆನ್ನಾಗಿ ಒಪ್ಪುವ ಅಲೀಲ್ ಜೋಡಿಯನ್ನು (ಅಪ್ಪನಿಂದ ಒಂದು, ಅಮ್ಮನಿಂದ ಒಂದು) ಆರಿಸುತ್ತದೆ. ಇವರಲ್ಲಿ ಹಲವರ ಎಚ್‌ಎಲ್‌ಎ ವಿಧವನ್ನು ಲ್ಯಾಬ್‌ನಲ್ಲೂ ಪತ್ತೆ ಮಾಡಿದ್ದಾರೆ, ಅದೂ ಪ್ರಕಟವಾಗಿದೆ. ಎರಡನ್ನೂ ತಾಳೆ ನೋಡಿದ ಮೇಲೆಯೇ ಮುಂದಕ್ಕೆ ಹೋದೆ.

ಎಣಿಕೆ ಸುಲಭ. ಆದರೆ ಹೆಚ್ಚು ಜನರನ್ನು ನೋಡಿದಷ್ಟೂ ಹೊಸ ಅಲೀಲ್‌ಗಳು ಸಿಗುತ್ತಲೇ ಹೋಗುತ್ತವೆ. ಹಾಗಾಗಿ ಎಲ್ಲ ಸಮುದಾಯಗಳನ್ನೂ ಒಂದೇ ಗಾತ್ರಕ್ಕೆ ಇಳಿಸಿ ಹೋಲಿಸಿದೆ.

ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಎಫ್‌ಎಸ್‌ಟಿ. ಎರಡು ಸಮುದಾಯಗಳ ನಡುವಿನ ವ್ಯತ್ಯಾಸ ಅಳೆಯಲು ಎಲ್ಲರೂ ಬಳಸುವ ಸಂಖ್ಯೆ ಇದು. ಎಚ್‌ಎಲ್‌ಎ-ಬಿಯಲ್ಲಿ ಇದು ಚಿಕ್ಕದಾಗಿಯೇ ಬರುತ್ತದೆ. ಹಾಗಾದರೆ ಸಮುದಾಯಗಳೆಲ್ಲ ಹೆಚ್ಚುಕಡಿಮೆ ಒಂದೇ ಅನ್ನಬಹುದಾ? ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಒಂದು ಸಮುದಾಯದಲ್ಲಿ 10 ಅಲೀಲ್, ಎಲ್ಲವೂ ಸಮಪ್ರಮಾಣ. ಇನ್ನೊಂದರಲ್ಲೂ 10, ಆದರೆ ಎಲ್ಲವೂ ಬೇರೆಯವು. ಒಂದೂ ಸಾಮಾನ್ಯವಲ್ಲ. ಒಂದು ಸಮುದಾಯದೊಳಗೆ ಸುಮ್ನೆ ಜೀನ್‌ನ ಎರಡು ಪ್ರತಿ ಎತ್ತಿಕೊಂಡರೆ ಅವು ಬೇರೆಯಾಗಿರುವ ಸಾಧ್ಯತೆ 0.90. ಎರಡನ್ನೂ ಬೆರೆಸಿದರೆ 20 ಅಲೀಲ್, ಸಾಧ್ಯತೆ 0.95. ಎಫ್‌ಎಸ್‌ಟಿ ಎಂದರೆ ಇವೆರಡರ ವ್ಯತ್ಯಾಸ 0.05 ಅನ್ನು 0.95ರಿಂದ ಭಾಗಿಸಿದ್ದು. ಉತ್ತರ ಸುಮಾರು 0.053. ಒಂದೇ ಒಂದು ಅಲೀಲ್ ಕೂಡ ಹಂಚಿಕೊಳ್ಳದ ಎರಡು ಸಮುದಾಯಗಳಿಗೆ ಇಷ್ಟು ಸಣ್ಣ ಸಂಖ್ಯೆ! ಒಳಗಿನ ವೈವಿಧ್ಯ ಜಾಸ್ತಿ ಇದ್ದಾಗ ಎಫ್‌ಎಸ್‌ಟಿ ಮೇಲೇರಲು ಜಾಗವೇ ಇರುವುದಿಲ್ಲ. ಎಚ್‌ಎಲ್‌ಎ-ಬಿಯಲ್ಲಿ ಬಹುತೇಕ ಸಮುದಾಯಗಳ ಒಳಗಿನ ಸಂಖ್ಯೆ 0.9ರ ಮೇಲೆಯೇ ಇರುತ್ತದೆ. ಅದಕ್ಕೆ ನಾನು ಯೋಸ್ಟ್ ಅವರ ಡಿ ಎಂಬ ಅಳತೆಯನ್ನೂ ಜೊತೆಗೆ ಹಾಕಿದೆ. ಮೇಲಿನ ಉದಾಹರಣೆಗೆ ಅದು ಸರಿಯಾಗಿ 1, ಅಂದರೆ ಪೂರ್ತಿ ಬೇರೆ ಎಂಬ ಉತ್ತರ, ಕೊಡುತ್ತದೆ. ಈ ಜೀನ್ ಬಗ್ಗೆ ಎಫ್‌ಎಸ್‌ಟಿ ಒಂದನ್ನೇ ತೋರಿಸುವ ಯಾವ ಪಟ್ಟಿಯನ್ನೂ ನಾನು ನಂಬುವುದಿಲ್ಲ.

ಸಂಖ್ಯೆಗಳಿಗಿಂತ ಅಲೀಲ್‌ಗಳನ್ನು ಒಂದೊಂದಾಗಿ ನೋಡಿದಾಗ ಕಥೆ ಬಿಚ್ಚಿಕೊಳ್ಳುತ್ತದೆ. ಬಿ*53:01 ಎಂಬ ಅಲೀಲ್ ಪಶ್ಚಿಮ ಆಫ್ರಿಕಾದಲ್ಲಿ ಸಾಮಾನ್ಯ, ಯುರೋಪಿನಲ್ಲಿ ಅಪರೂಪ. ಬಿ53 (ಈ ಅಲೀಲ್ ಸೇರಿದ ಗುಂಪು) ಇರುವ ಮಕ್ಕಳಿಗೆ ತೀವ್ರ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಇದೆ ಎಂದು ಗ್ಯಾಂಬಿಯಾದ ಅಧ್ಯಯನವೊಂದು 1991ರಲ್ಲಿ ತೋರಿಸಿತ್ತು. ಬಿ*46:01 ದಕ್ಷಿಣ ಚೀನಾ ಮತ್ತು ಆಗ್ನೇಯ ಏಷ್ಯಾದ ಕಡೆಯದು. ಅದು ಹುಟ್ಟಿದ್ದು ಬಿ*15:01ರೊಳಗೆ ಎಚ್‌ಎಲ್‌ಎ-ಸಿಯ ಒಂದು ತುಣುಕು ಸೇರಿಕೊಂಡು. ಎರಡು ಜೀನ್‌ಗಳು ಹೀಗೆ ಬೆರೆತು ಹೊಸದೊಂದು ಬಂದು, ಅದು ಕೋಟ್ಯಂತರ ಜನರಿಗೆ ಹಬ್ಬಿದೆ. ನನಗಂತೂ ಇದು ಬೆರಗಿನ ವಿಷಯ.

ಸಮುದಾಯಗಳ ಹೆಸರಿನ ಬಗ್ಗೆಯೂ ಹುಷಾರಾಗಿರಬೇಕು. ಈ ಪ್ರಾಜೆಕ್ಟ್‌ನ ತೆಲುಗರ ಸ್ಯಾಂಪಲ್ ಬ್ರಿಟನ್‌ನಲ್ಲಿ ಸಂಗ್ರಹಿಸಿದ್ದು, ಗುಜರಾತಿಗಳದ್ದು ಹ್ಯೂಸ್ಟನ್‌ನಲ್ಲಿ. ಅವರನ್ನು ಇಡೀ ದಕ್ಷಿಣ ಏಷ್ಯಾದ ಪ್ರತಿನಿಧಿಗಳು ಅಂದುಕೊಳ್ಳುವುದು ಸರಿಯಲ್ಲ, ಅಲ್ವಾ?

ಇದು ಬರೀ ಪುಸ್ತಕದ ಮಾತಲ್ಲ. ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಾಜೆಪಿನ್ ಮಾತ್ರೆ ಕೆಲವರಲ್ಲಿ ಚರ್ಮವೇ ಕಿತ್ತುಬರುವಂಥ ಅಪಾಯಕಾರಿ ಪ್ರತಿಕ್ರಿಯೆ ತರುತ್ತದೆ. 2004ರಲ್ಲಿ ತೈವಾನ್‌ನ ಸಂಶೋಧಕರು ಇಂಥ 44 ರೋಗಿಗಳನ್ನು ಪರೀಕ್ಷಿಸಿದಾಗ 44 ಜನರಲ್ಲೂ ಬಿ*15:02 ಇತ್ತು. ಮಾತ್ರೆ ಒಗ್ಗಿದವರಲ್ಲಿ ಅದು ಶೇ. 3ರಷ್ಟು ಮಾತ್ರ. ಈ ಅಲೀಲ್ ಆಗ್ನೇಯ ಏಷ್ಯಾದಲ್ಲಿ ಸಾಕಷ್ಟಿದೆ, ಜಪಾನ್‌ನಲ್ಲಿ ತೀರಾ ಕಡಿಮೆ. ಅಲ್ಲಿ ಇದೇ ಔಷಧಿಯ ತೊಂದರೆಗೆ ತಳಕು ಹಾಕಿಕೊಂಡಿರುವುದು ಎಚ್‌ಎಲ್‌ಎ-ಎ ಎಂಬ ಇನ್ನೊಂದು ಜೀನ್‌ನ ಎ*31:01 ಎಂಬ ಅಲೀಲ್. ಹಾಗಾಗಿ ನನ್ನ ಕೋಷ್ಟಕದಲ್ಲಿ ‘ಏಷ್ಯಾ’ ಎಂಬ ಕಾಲಂ ಇಲ್ಲ. 26 ಸಮುದಾಯಗಳಿಗೆ 26 ಕಾಲಂಗಳು, ಪ್ರತಿಯೊಂದರ ಕೆಳಗೆ ಎಷ್ಟು ಜನರ ಸ್ಯಾಂಪಲ್ ಎಂಬ ಸಂಖ್ಯೆ.