ಹನ್ನೆರಡರಿಂದ ನೂರೆಂಟಕ್ಕೆ: ರಥಸಪ್ತಮಿಗೆ ಎಂಟು ವಾರದ ತಯಾರಿ

ರಥಸಪ್ತಮಿಯ ಬೆಳಿಗ್ಗೆ 108 ಸೂರ್ಯನಮಸ್ಕಾರ ಹಾಕುವ ಚಾಲೆಂಜಿಗೆ ಬಡಾವಣೆಯ ಹೆಂಗಸರ ಗುಂಪಿನಲ್ಲಿ ಹೆಸರು ಕೊಟ್ಟವರೆಲ್ಲ ಮೊದಲು ಕೇಳುವುದು ಒಂದೇ: ‘ಉಸಿರು ಸಾಲುತ್ತಾ?’ ಉಸಿರು ಸಾಲುತ್ತದೆ. ಸಾಲದೆ ಹೋಗುವುದು ಮಣಿಕಟ್ಟು. ಒಂದು ನಮಸ್ಕಾರದ ಹನ್ನೆರಡು ಸ್ಥಿತಿಗಳಲ್ಲಿ ದಂಡಾಸನ (ಮೈ ಹಲಗೆಯಂತೆ ನೇರ), ಸಾಷ್ಟಾಂಗ, ಭುಜಂಗ (ಹಾವಿನ ಹೆಡೆಯಂತೆ ಎದೆ ಮೇಲೆ), ಪರ್ವತ (ಕೈಕಾಲು ಊರಿ ಸೊಂಟ ಮೇಲೆ) ಈ ನಾಲ್ಕರಲ್ಲಿ ಭಾರ ಅಂಗೈ ಮೇಲೆ ಬೀಳುತ್ತದೆ. 108ಕ್ಕೆ ಗುಣಿಸಿದರೆ 432 ಸಲ. ಇಡೀ ದಿನ ಕೀಲಿಮಣೆ ಕುಟ್ಟುವ ಕೈಗೂ ಚಪಾತಿ ಲಟ್ಟಿಸುವ ಕೈಗೂ ಈ ಭಾರ ಹೊಸದು. ಹಾಗಾಗಿ ಎಂಟು ವಾರದ ತಯಾರಿ ಎಂದರೆ ಮುಖ್ಯವಾಗಿ ಕೈಯನ್ನು, ಭುಜವನ್ನು ಒಗ್ಗಿಸುವ ಕೆಲಸ.

ಶುರು ಮಾಡುವ ಮೊದಲು ಗುಂಪಿನಲ್ಲಿ ಎರಡು ವಿಷಯ ಇತ್ಯರ್ಥವಾಗಬೇಕು. ಒಂದು, ‘ಒಂದು ನಮಸ್ಕಾರ’ ಎಂದರೆ ಎಷ್ಟು? ಬಲಗಾಲು ಹಿಂದಿಟ್ಟು ಹನ್ನೆರಡು ಸ್ಥಿತಿ ಮುಗಿಸಿದರೆ ಒಂದು ಎನ್ನುವವರಿದ್ದಾರೆ. ಬಲ ಒಂದು, ಎಡ ಒಂದು, ಎರಡೂ ಸೇರಿ ಒಂದು ಎನ್ನುವವರೂ ಇದ್ದಾರೆ. ಎರಡನೆಯ ಲೆಕ್ಕ ಹಿಡಿದರೆ 108 ಹೋಗಿ 216 ಆಗುತ್ತದೆ. ಹೊಸಬರಿರುವ ಗುಂಪಿಗೆ ಮೊದಲನೆಯದೇ ಸರಿ: ಒಂದರಲ್ಲಿ ಬಲಗಾಲು, ಮುಂದಿನದರಲ್ಲಿ ಎಡಗಾಲು. ಇನ್ನೊಂದು, ಯಾವ ಪಾಠ? ಮೈಸೂರಿನ ಅಷ್ಟಾಂಗ ಪದ್ಧತಿಯ ‘ಎ’ ನಮಸ್ಕಾರದಲ್ಲಿ 9 ವಿನ್ಯಾಸ (ಉಸಿರಿನ ಜೊತೆಗಿನ ಚಲನೆ), ‘ಬಿ’ಯಲ್ಲಿ 17. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪ್ರಚಾರ ಮಾಡಿದ್ದು ಹತ್ತು ಸ್ಥಿತಿಗಳದ್ದು. ನಾವು ಹಿಡಿದದ್ದು ಹನ್ನೆರಡರದ್ದು. ಯಾವುದು ಶ್ರೇಷ್ಠ ಎಂಬ ಚರ್ಚೆ ಚಹಾ ಹೊತ್ತಿಗೆ ಇರಲಿ. ಒಂದೇ ಅಂಗಳದಲ್ಲಿ ಮೂರು ಪಾಠ ನಡೆದರೆ ಪಕ್ಕದವಳ ಕಾಲು ನಿಮ್ಮ ಮುಖಕ್ಕೆ ಬರುತ್ತದೆ.

ದಿನದ ಲೆಕ್ಕ ಹೀಗೆ. 2026ರಲ್ಲಿ ರಥಸಪ್ತಮಿ ಜನವರಿ 25, ಭಾನುವಾರ. ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 1ರ ಸೋಮವಾರದಿಂದ ಸರಿಯಾಗಿ ಎಂಟು ವಾರ. ವಾರಕ್ಕೆ ಐದು ದಿನ ಅಭ್ಯಾಸ, ಎರಡು ದಿನ ಬಿಡುವು. ಮೊದಲ ವಾರ ದಿನಕ್ಕೆ 6 ಮಾತ್ರ. ‘ಇಷ್ಟೇನಾ’ ಅನ್ನಿಸುತ್ತದೆ, ಆದರೂ ಆರೇ. ಎರಡನೆಯ ವಾರ 12. ಮೂರನೆಯದರಲ್ಲಿ 12 ಮತ್ತು 18 ಅದಲು ಬದಲು, ಭಾನುವಾರ 24. ನಾಲ್ಕನೆಯ ವಾರ ದಿನಕ್ಕೆ 24, ಭಾನುವಾರ 36. ಐದನೆಯ ವಾರ ಬೇಕೆಂದೇ 18ಕ್ಕೆ ಇಳಿಸುವುದು. ಸ್ನಾಯು ಬೇಗ ಹುರಿಗೊಳ್ಳುತ್ತದೆ, ಕೀಲಿನ ಕಟ್ಟುಗಳು ನಿಧಾನ. ಈ ವಾರ ಅವಕ್ಕೆ. ಆರನೆಯ ವಾರ 36, ಭಾನುವಾರ 54. ಏಳನೆಯ ವಾರ ಮತ್ತೆ 36, ಭಾನುವಾರ 72. ಕೊನೆಯ ವಾರ ಸೋಮ ಬಿಡುವು, ಮಂಗಳ, ಬುಧ 12, ಗುರುವಾರ 6, ಶುಕ್ರ, ಶನಿ ಏನೂ ಇಲ್ಲ. 72 ಹಾಕಿದ ಮರುದಿನ ತೊಡೆ, ಭುಜದ ಮಾಂಸ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಮಣಿಕಟ್ಟು, ಮಂಡಿ, ಸೊಂಟದ ಕೆಳಭಾಗ ಚುಚ್ಚಿದಂತೆ ನೋವಾದರೆ 108ರ ಆಸೆ ಬಿಟ್ಟು 72ಕ್ಕೋ 36ಕ್ಕೋ ನಿಲ್ಲಬೇಕು.

ಮಣಿಕಟ್ಟು ಕೆಡುವುದು ಅಂಗೈಯ ಬುಡಕ್ಕೆ ಎಲ್ಲ ಭಾರ ಬಿಟ್ಟಾಗ. ಬೆರಳು ಅಗಲಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ಬುಡದಿಂದ ನೆಲವನ್ನು ಒತ್ತಿದರೆ ಭಾರ ಹಂಚಿಹೋಗುತ್ತದೆ. ಪರ್ವತಾಸನದಲ್ಲಿ ಸೊಂಟವನ್ನು ಹಿಂದಕ್ಕೆ, ಮೇಲಕ್ಕೆ ಎಳೆದರೆ ಕೈಮೇಲಿನ ಒತ್ತಡ ಅರ್ಧ ಇಳಿದಂತೆ ಅನ್ನಿಸುತ್ತದೆ. ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಮಂಡಿ ಸ್ವಲ್ಪ ಬಾಗಲಿ, ಪರವಾಗಿಲ್ಲ. ಬೆರಳು ಜೋಮು ಹಿಡಿದರೆ ಅವತ್ತಿಗೆ ಅಲ್ಲಿಗೇ ಸಾಕು.

ಆಮೇಲಿನ ಕಷ್ಟ ಸಾಷ್ಟಾಂಗದ್ದು. ಎರಡು ಪಾದ, ಎರಡು ಮಂಡಿ, ಎರಡು ಅಂಗೈ, ಎದೆ, ಗಲ್ಲ – ಎಂಟು ಅಂಗ ನೆಲ ಮುಟ್ಟಬೇಕು, ಹೊಟ್ಟೆ ಮುಟ್ಟಬಾರದು. ತೋಳಿಗೆ ಬಲವಿಲ್ಲದವರು ಇಲ್ಲಿ ದೊಪ್ಪನೆ ಬೀಳುತ್ತಾರೆ. ಮೊದಲು ಮಂಡಿ ಊರಿ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಎದೆ, ಕೊನೆಗೆ ಗಲ್ಲ ಇಳಿಸಬೇಕು. ಮೊದಲ ಮೂರು ವಾರ ಈ ಇಳಿಯುವುದನ್ನಷ್ಟೇ ಪ್ರತ್ಯೇಕವಾಗಿ, ನಾಲ್ಕು ಎಣಿಸುವಷ್ಟು ನಿಧಾನವಾಗಿ, ದಿನಕ್ಕೆ 5 ಸಲ ಮಾಡಿದರೆ ಆರನೆಯ ವಾರದಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಸೊಂಟ ಹಿಡಿದುಕೊಳ್ಳುವುದಕ್ಕೆ ಎರಡು ಜಾಗ: ಕೈ ಮೇಲೆತ್ತಿ ಹಿಂದೆ ಬಾಗುವಾಗ ಮತ್ತು ಭುಜಂಗದಲ್ಲಿ. ಬಾಗುವ ಆಸೆ ಬೇಡ. ಪೃಷ್ಠ ಬಿಗಿಹಿಡಿದು ಎದೆ ಮೇಲಕ್ಕೆತ್ತಿದರೆ ಸಾಕು. ಭುಜಂಗದಲ್ಲಿ ಹೊಕ್ಕುಳು ನೆಲದಲ್ಲೇ ಇರಲಿ, ಮೊಣಕೈ ಬಾಗಿರಲಿ. ಅಶ್ವ ಸಂಚಲನದಲ್ಲಿ (ಒಂದು ಕಾಲು ಹಿಂದೆ, ಇನ್ನೊಂದು ಕೈಗಳ ನಡುವೆ) ಹಿಂದಿನ ಕಾಲು ಕೈಗಳ ನಡುವೆ ಬರದೆ ಅರ್ಧದಲ್ಲೇ ನಿಲ್ಲುವುದು ಹೊಸಬರೆಲ್ಲರ ಪಾಡು. ಕೈಯಿಂದ ಕಣಕಾಲು ಹಿಡಿದು ಮುಂದಕ್ಕೆ ಎಳೆದುಕೊಳ್ಳಿ, ನಾಚಿಕೆಪಡುವಂಥದ್ದೇನೂ ಇಲ್ಲ. ಪಾದಹಸ್ತದಿಂದ (ಮುಂದೆ ಬಾಗಿ ಕೈಯನ್ನು ಪಾದದ ಪಕ್ಕ ಊರಿದ ಸ್ಥಿತಿ) ಸರಕ್ಕನೆ ಎದ್ದರೆ ತಲೆ ಸುತ್ತುತ್ತದೆ, ತಲೆ ಕೊನೆಗೆ ಏಳಬೇಕು. ದಂಡಾಸನದಲ್ಲಿ ಉಸಿರು ಕಟ್ಟಿ ಹಿಡಿಯಿರಿ ಎಂದು ಕೆಲವರು ಹೇಳಿಕೊಡುತ್ತಾರೆ. ಹೊಸಬರಿಗೆ ಅದು ಬೇಡ.

ಇನ್ನು ಯಾರೂ ಮೊದಲೇ ಹೇಳದ ಸಣ್ಣಪುಟ್ಟ ಸಂಗತಿಗಳು. ದಂಡಾಸನದಲ್ಲಿ ಬೆರಳು ಮಡಿಸಿ ಊರಿದಾಗ ಕಾಲುಂಗುರ ಚರ್ಮಕ್ಕೆ ಒತ್ತಿ ಕೊಯ್ಯುತ್ತದೆ. ತೆಗೆಯದವರು ಅದರ ಮೇಲೆ ಬಟ್ಟೆಯ ಟೇಪು ಸುತ್ತಬೇಕು. ಉದ್ದ ಮಾಂಗಲ್ಯದ ಸರ ಪರ್ವತಾಸನದಲ್ಲಿ ಹಲ್ಲಿಗೆ ಬಡಿಯುತ್ತದೆ, ಸಾಷ್ಟಾಂಗದಲ್ಲಿ ಎದೆಯಡಿ ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಒಳಗೆ ಸೇರಿಸಿ ಪಿನ್ನು ಹಾಕಿ. ಗಾಜಿನ ಬಳೆ ಖಂಡಿತ ಬೇಡ. ಸಡಿಲ ಟೀ ಶರ್ಟು ಮುಖದ ಮೇಲೆ ಜಾರುತ್ತದೆ, ಸಿಕ್ಕಿಸಿಕೊಳ್ಳಬೇಕು. ಟೈಲ್ಸ್ ನೆಲದ ಮೇಲೆ ಜಮಖಾನೆ ಜಾರುವುದರಿಂದ ಮ್ಯಾಟೇ ಬೇಕು, 6 ಮಿ.ಮೀ. ದಪ್ಪದ್ದಾದರೆ ಮಂಡಿಗೂ ಹಿತ.

ಹೆರಿಗೆಯಾದವರಲ್ಲಿ ಕೆಲವರಿಗೆ ಕಾಲು ಹಾರಿಸಿ ಹಿಂದಿಡುವಾಗ ಮೂತ್ರ ಸೋರುತ್ತದೆ. ಹೇಳಿಕೊಳ್ಳಲಾಗದೆ ಗುಂಪನ್ನೇ ಬಿಡುವವರಿದ್ದಾರೆ. ಹಾರಬೇಡಿ, ಒಂದೊಂದೇ ಕಾಲು ಇಡಿ; ಶುರುವಿಗೆ ಮೊದಲು ಮೂತ್ರಕ್ಕೆ ಹೋಗಿಬನ್ನಿ; ಆದರೂ ನಿಲ್ಲದಿದ್ದರೆ ಫಿಸಿಯೊಥೆರಪಿಯಲ್ಲಿ ಇದಕ್ಕೆಂದೇ ವ್ಯಾಯಾಮಗಳಿವೆ. ಮುಟ್ಟಿನ ದಿನಗಳಲ್ಲಿ ಮಾಡುವುದು ಬಿಡುವುದು ಅವರವರ ಮೈಗೆ ಬಿಟ್ಟದ್ದು. ಗುಂಪಿನ ಹಾಜರಿಯಲ್ಲಿ ಆ ದಿನಗಳನ್ನು ‘ತಪ್ಪಿಸಿದ್ದು’ ಎಂದು ಬರೆಯಬಾರದು, ಯಾಕೆಂದೂ ಕೇಳಬಾರದು. ಗರ್ಭಿಣಿಯರು, ಹತೋಟಿಗೆ ಬಾರದ ಬಿ.ಪಿ. ಇರುವವರು, ಡಿಸ್ಕ್ ತೊಂದರೆ, ಹರ್ನಿಯಾ, ಗ್ಲಾಕೋಮಾ ಇರುವವರು, ಈಚೆಗೆ ಸಿಸೇರಿಯನ್ ಆದವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಗುಂಪಿನಿಂದ ಹುರುಪು ಸಿಗುತ್ತದೆ, ಪೆಟ್ಟೂ ಅಲ್ಲಿಂದಲೇ. ಹಳಬರು 20 ಸೆಕೆಂಡಿಗೆ ಒಂದು ಹಾಕುತ್ತಾರೆ, ಹೊಸಬರಿಗೆ 30 ಬೇಕು. ಓಡಿ ಹಿಡಿಯಲು ಹೋದಾಗಲೇ ಸೊಂಟ ಉಳುಕುವುದು. ಅದಕ್ಕೇ 12ರ ಒಂಬತ್ತು ಆವರ್ತನ ಮಾಡಿ, 3 ಆವರ್ತನದವರು, 6ರವರು, 9ರವರು ಎಂದು ಮೂರು ಸಾಲು ಮಾಡಿದ್ದೆವು. ಹೊಸಬರು ಹಿಂದಿನ ಸಾಲು, ಮುಂದಿನವರ ಹೆಗಲು ಕಾಣುವಂತೆ. ಪ್ರತಿ ನಮಸ್ಕಾರಕ್ಕೆ ಮುಂದೆ ನಿಂತವರೊಬ್ಬರು ‘ಮಿತ್ರಾಯ ನಮಃ’ದಿಂದ ‘ಭಾಸ್ಕರಾಯ ನಮಃ’ದವರೆಗೆ ಒಂದೊಂದು ಹೆಸರು ಹೇಳಿದರೆ ಎಣಿಕೆ ತಾನಾಗಿ ಹನ್ನೆರಡಕ್ಕೆ ಬರುತ್ತದೆ. ಆವರ್ತನದ ಲೆಕ್ಕಕ್ಕೆ ಬಟ್ಟಲಿನಲ್ಲಿ ಒಂಬತ್ತು ಅವರೆಕಾಳು, ಒಂದು ಮುಗಿದರೆ ಒಂದು ಕಾಳು ಆಚೆ. ಬೆರಳೆಣಿಕೆ ಏಳನೆಯ ಆವರ್ತನದ ಹೊತ್ತಿಗೆ ತಪ್ಪಿಯೇ ತಪ್ಪುತ್ತದೆ. 30 ಸೆಕೆಂಡಿನಂತೆ 108ಕ್ಕೆ 54 ನಿಮಿಷ, ನಡುವಿನ ಎಂಟು ಬಿಡುವಿಗೆ ಒಂದೂವರೆ ನಿಮಿಷದಂತೆ 12, ಮುಂಚಿನ ಮೈ ಸಡಿಲಿಸುವುದಕ್ಕೆ 10, ಕೊನೆಯ ಶವಾಸನಕ್ಕೆ 10. ಒಟ್ಟು 86 ನಿಮಿಷ ಇಟ್ಟುಕೊಳ್ಳಿ.

ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಮೂಡುವುದು ಆರೂಮುಕ್ಕಾಲರ ಸುಮಾರಿಗೆ. ಆರೂಕಾಲಿಗೆ ಪಾರ್ಕಿಗೆ ಹೋದರೆ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಮ್ಯಾಟಿನಡಿಗೆ ಟಾರ್ಪಾಲು ಹಾಸದಿದ್ದರೆ ಜಾರುವುದು ಖಂಡಿತ. ಚಳಿಗೆ ಕೀಲು ಬಿಗಿದಿರುವುದರಿಂದ ಆ ಹತ್ತು ನಿಮಿಷದ ಸಡಿಲಿಕೆಯಲ್ಲಿ ಮಣಿಕಟ್ಟಿಗೆ ಎರಡು ನಿಮಿಷ ಕೊಡಿ. ಹೊರಡುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ನೀರು. ಬಿಡುವಿನಲ್ಲಿ ಗುಟುಕು ನೀರಷ್ಟೇ. ಹೊಟ್ಟೆ ತುಂಬ ಕುಡಿದರೆ ಮುಂದಿನ ಪಾದಹಸ್ತದಲ್ಲಿ ಅದು ಗಂಟಲಿಗೆ ಬರುತ್ತದೆ. ಎದೆನೋವು, ಕಣ್ಣು ಕತ್ತಲೆ ಬಂದರೆ ಕೂತುಬಿಡಬೇಕು, ಎಷ್ಟನೆಯದೇ ಆಗಿರಲಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ, ಹೆಸರುಬೇಳೆ ಕೋಸಂಬರಿ, ಹಬ್ಬದ ಪಾಯಸ. ಮರುದಿನ ನಡಿಗೆ ಮಾತ್ರ. ಮೂರನೆಯ ದಿನ ಕೈ ಮೇಲೆತ್ತಿದಾಗ ಭುಜ ತಕರಾರು ಮಾಡದಿದ್ದರೆ ಮತ್ತೆ 12.