ಹಳೇ ಏರ್ ರೈಫಲ್‌ಗೆ ಹೊಸ ಸ್ಟಾಕ್ ಕೂರಿಸುವುದು ಹೇಗೆ?

ಟಾರ್ಗೆಟ್ ರೈಫಲ್‌ನ ಬ್ಯಾರಲ್ ಚೆನ್ನಾಗಿ ನೋಡಿಕೊಂಡರೆ ಎರಡು ತಲೆಮಾರು ಬಾಳುತ್ತದೆ. ಅದನ್ನು ಹೊತ್ತ ಮರದ ಮೈ, ಅಂದರೆ ಸ್ಟಾಕ್‌ನ ಕಥೆ ಬೇರೆ. ನಮ್ಮ ಕಲಬುರಗಿಯಲ್ಲಂತೂ ಮರಕ್ಕೆ ನೆಮ್ಮದಿಯೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲಿಗೆ ಕುಗ್ಗುತ್ತದೆ. ಮಳೆ ಹಿಡಿದರೆ ಉಬ್ಬುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಹಿಡಿಕೆಯ ಹತ್ತಿರ ಸಣ್ಣ ಸೀಳು ಬಿಡುತ್ತದೆ. ಸ್ಕ್ರೂ ಎಷ್ಟು ಬಿಗಿದರೂ ಒಳಗೆ ಲೋಹ ಅಲ್ಲಾಡುತ್ತದೆ. ನಿನ್ನೆ ಒಂದೇ ಕಡೆ ಬೀಳುತ್ತಿದ್ದ ಪೆಲೆಟ್‌ಗಳು (ಏರ್ ರೈಫಲ್‌ನ ಪುಟ್ಟ ಗುಂಡುಗಳು) ಇವತ್ತು ಚದುರುತ್ತವೆ. ಆಗ ರೈಫಲ್ ಬದಲಿಸುವ ಯೋಚನೆಗಿಂತ ಮೊದಲು ಸ್ಟಾಕ್ ಬದಲಿಸುವ ಯೋಚನೆ ಮಾಡಿ. ಖರ್ಚು ಎಷ್ಟೋ ಕಡಿಮೆ.

ಇಲ್ಲಿ ಹೇಳುತ್ತಿರುವುದು 10 ಮೀಟರ್ ಸ್ಪರ್ಧೆಯ 4.5 ಮಿ.ಮೀ. ಏರ್ ರೈಫಲ್ ಬಗ್ಗೆ ಮಾತ್ರ. ಎನ್‌ಸಿಸಿ ಕ್ಯಾಂಪ್‌ಗೆ ಹೋದವರು ಹಿಡಿದಿರುತ್ತಾರಲ್ಲ, ಆ ಪಾಯಿಂಟ್ 22 ರೈಫಲ್ ಬೇರೆ ಮಾತು. ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕಾದ ಆಯುಧ. ಅದರ ಸ್ಟಾಕ್ ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್ ಕೈಗೇ ಕೊಡಿ, ಮನೆಯಲ್ಲಿ ಬಿಚ್ಚಬೇಡಿ.

ಸ್ಟಾಕ್ ಅಂದ ಕೂಡಲೇ ಎಲ್ಲರ ಕಣ್ಣು ಹೊರಗಿನ ಆಕಾರ, ಪಾಲಿಶ್ ಮೇಲೆ ಹೋಗುತ್ತದೆ. ನನ್ನ ಪ್ರಕಾರ ಮುಕ್ಕಾಲು ಕೆಲಸ ಒಳಗಿನದು. ಬ್ಯಾರಲ್, ಸಿಲಿಂಡರ್, ಟ್ರಿಗರ್ ಎಲ್ಲ ಸೇರಿದ ಲೋಹದ ಭಾಗಕ್ಕೆ ಆಕ್ಷನ್ ಅನ್ನುತ್ತಾರೆ. ಅದು ಮರದೊಳಗೆ ಯಾವ ಕಡೆಗೂ ಎಳೆತ ಇಲ್ಲದೆ ಕೂರಬೇಕು. ಅಷ್ಟು ಆದರೆ ನೋಡಲು ಒರಟಾದ ಸ್ಟಾಕ್ ಕೂಡ ಗುರಿಯ ನಡುವಿನ ಹತ್ತು ಹೊಡೆಸುತ್ತದೆ.

ಬಿಚ್ಚುವ ಮೊದಲು

ಬ್ಯಾರಲ್‌ನಲ್ಲಿ ಪೆಲೆಟ್ ಇಲ್ಲ ಅಂತ ಖಚಿತ ಮಾಡಿಕೊಳ್ಳಿ. ಗಾಳಿ ಸಿಲಿಂಡರ್ ಇರುವ ರೈಫಲ್ ಆದರೆ ಸಿಲಿಂಡರ್ ಕಳಚಿಡಿ. ಸ್ಪ್ರಿಂಗ್ ರೈಫಲ್ ಆದರೆ ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇರಲೇಬಾರದು. ಸ್ಟಾಕ್‌ನಿಂದ ಹೊರಗಿರುವಾಗ ಸ್ಪ್ರಿಂಗ್ ಎಳೆಯುವ ಲಿವರ್ ಎಳೆದು ನೋಡುವ ಚಪಲ ಬೇಡ. ಲಿವರ್ ವಾಪಸ್ ಬಡಿದರೆ ಬೆರಳು ಉಳಿಯುವುದಿಲ್ಲ.

ಪ್ರತಿ ಸ್ಕ್ರೂ ಎಲ್ಲಿಂದ ಬಂತು ಅಂತ ರಟ್ಟಿನ ಮೇಲೆ ಚಿತ್ರ ಬರೆದು, ಅಲ್ಲೇ ಚುಚ್ಚಿಡಿ. ಮುಂದಿನ ಸ್ಕ್ರೂ, ಹಿಂದಿನ ಸ್ಕ್ರೂ ನೋಡಲು ಒಂದೇ ಥರ ಇದ್ದರೂ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಹೊಸ ಸ್ಟಾಕ್‌ನ ಮರ ತೆಳುವಾಗಿದ್ದರೆ ಅದೇ ಸ್ಕ್ರೂ ಒಳಗೆ ಜಾಸ್ತಿ ನುಗ್ಗಿ ಸಿಲಿಂಡರ್‌ಗೋ ಟ್ರಿಗರ್‌ಗೋ ತಾಗುತ್ತದೆ.

ಯಾವ ಮರ, ಯಾರ ಕೈಯಲ್ಲಿ?

ನಿಮ್ಮ ಮಾಡೆಲ್‌ಗೆ ಸರಿಹೊಂದುವ ಹಳೇ ಸ್ಟಾಕ್ ಎಲ್ಲಾದರೂ ಸಿಕ್ಕರೆ ಅದೇ ಸುಲಭದ ದಾರಿ. ಸಿಗದಿದ್ದರೆ ಮಾಡಿಸಬೇಕು. ಯುರೋಪಿನ ಒಳ್ಳೇ ರೈಫಲ್‌ಗಳ ಸ್ಟಾಕ್ ಸಾಮಾನ್ಯವಾಗಿ ಅಖ್ರೋಟ್ ಮರದ್ದು. ನಮ್ಮಲ್ಲಿ ಅದಕ್ಕೆ ಹತ್ತಿರ ಬರುವುದು ಸಾಗುವಾನಿ. ತೂಕ ಹೆಚ್ಚುಕಮ್ಮಿ ಅಷ್ಟೇ, ಬಿಸಿಲು ಮಳೆಗೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಶೀಶಮ್ ಗಟ್ಟಿ, ಚೆಂದ, ಆದರೆ ಭಾರ. 10 ಮೀಟರ್ ಸ್ಪರ್ಧೆಯಲ್ಲಿ ಸೈಟ್ (ಗುರಿ ನೋಡುವ ಸಾಧನ) ಸೇರಿ ರೈಫಲ್ ತೂಕ 5.5 ಕೆ.ಜಿ. ದಾಟುವಂತಿಲ್ಲ. ಹಳೇ ಸ್ಪ್ರಿಂಗ್ ರೈಫಲ್‌ನ ಲೋಹವೇ ಭಾರ ಇರುತ್ತದೆ, ಅದಕ್ಕೆ ಶೀಶಮ್ ಹಾಕುವ ಮೊದಲು ತಕ್ಕಡಿ ನೋಡಿ.

ರೈಫಲ್ಲನ್ನೇ ಬಡಿಗೇರ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ. ನಾಲ್ಕು ಜನ ಸೇರುತ್ತಾರೆ, ಕೈಯಿಂದ ಕೈಗೆ ಹೋಗುತ್ತದೆ. ಹಳೇ ಸ್ಟಾಕ್ ಒಯ್ದರೆ ಸಾಕು, ಅದೇ ಮಾದರಿ. ಬಾಗಿಲಿಗೆ, ದೇವರ ಮಂಟಪಕ್ಕೆ ಹೂಬಳ್ಳಿ ಕೊರೆಯುವ ಕಂಪ್ಯೂಟರ್ ರೂಟರ್ ಇರುವ ಅಂಗಡಿ ಸಿಕ್ಕರೆ ಹೊರಗಿನ ಒರಟು ಆಕಾರ ಅವರ ಹತ್ತಿರ ತೆಗೆಸಿ. ಆಕ್ಷನ್ ಕೂರುವ ಒಳಗಿನ ಗುಂಡಿಯನ್ನು ಮಾತ್ರ ಎಲ್ಲಾ ಕಡೆ ಒಂದು ಮಿ.ಮೀ. ಚಿಕ್ಕದಾಗಿಯೇ ಬಿಡಲು ಹೇಳಿ.

“ಇದ್ರಾಗ ಏನದರೀ ಸರ, ಚೌಕಟ್ಟಿನ ಕೆಲಸಕ್ಕಿಂತ ಸಣ್ಣದು” ಅಂತ ಬಡಿಗೇರ ಕಾಕಾ ಅಂದರೆ ಒಪ್ಪಿಕೊಳ್ಳಿ, ಆದರೆ ಮರದ ಎಳೆ ಮಾತ್ರ ನೀವೇ ನಿಂತು ನೋಡಿ. ಟ್ರಿಗರ್ ಹಿಂದೆ ಕೈ ಹಿಡಿಯುವ ಸಪೂರ ಜಾಗ ಇದೆಯಲ್ಲ, ಅಲ್ಲಿ ಎಳೆ ಉದ್ದಕ್ಕೆ ಹರಿದಿರಬೇಕು. ಅಡ್ಡಡ್ಡ ಹೋಗಿದ್ದರೆ ರೈಫಲ್ ಒಮ್ಮೆ ಕೈಜಾರಿ ಬಿದ್ದರೂ ಅಲ್ಲೇ ಮುರಿಯುತ್ತದೆ. ಕತ್ತರಿಸಿದ ಮರವನ್ನು ಕೆಲವು ವಾರ ಮನೆಯೊಳಗೇ ಇಡಿ. ಮಿಲ್ಲಿನಿಂದ ಬಂದ ಮರ ನಮ್ಮ ಬೇಸಿಗೆಗೆ ಒಗ್ಗಿಕೊಳ್ಳುವ ಮೊದಲೇ ಕೊರೆದರೆ ಗುಂಡಿಯ ಅಳತೆ ಬದಲಾಗುತ್ತದೆ.

ಒಂದು ನಿಯಮ ನೆನಪಿರಲಿ. ಹೆಬ್ಬೆರಳು ತೂರಿಸುವ ತೂತು, ಅಂಗೈ ಕೂರಿಸುವ ಗುಬಟು, ಇವು 10 ಮೀಟರ್ ಏರ್ ರೈಫಲ್‌ಗೆ ನಿಷಿದ್ಧ. ಚಿತ್ರದಲ್ಲಿ ಚೆಂದ ಕಂಡಿತು ಅಂತ ಕೊರೆಸಿಕೊಂಡರೆ ಸ್ಪರ್ಧೆಯ ತಪಾಸಣೆಯಲ್ಲೇ ವಾಪಸ್ ಬರುತ್ತೀರಿ.

ಕಾಡಿಗೆ ಹಚ್ಚಿ ಕೂರಿಸುವುದು

ಆಕ್ಷನ್‌ನ ತಳಕ್ಕೆ ತೆಳ್ಳಗೆ ಕಾಡಿಗೆ ಸವರಿ. ಹೌದು, ಕಣ್ಣಿಗೆ ಹಚ್ಚುವ ಕಾಡಿಗೆಯೇ. ಎಣ್ಣೆಯಲ್ಲಿ ಕಲಸಿದ ಮಸಿ ಅದು, ಈ ಕೆಲಸಕ್ಕೆ ಬೇಕಾದದ್ದೂ ಅದೇ. ಆಕ್ಷನ್ ಅನ್ನು ನೇರವಾಗಿ ಗುಂಡಿಗೆ ಇಳಿಸಿ, ಅಂಗೈಯಿಂದ ಒತ್ತಿ, ನೇರವಾಗಿಯೇ ಎತ್ತಿ. ಮರದಲ್ಲಿ ಕಪ್ಪು ಚುಕ್ಕೆ ಮೂಡಿದ ಜಾಗ ಮಾತ್ರ ತಾಗುತ್ತಿದೆ ಅಂತ ಅರ್ಥ. ಚೂಪಾದ ಉಳಿಯಿಂದ ಆ ಕಪ್ಪನ್ನಷ್ಟೇ ಕೆರೆಯಿರಿ. ಮತ್ತೆ ಇಳಿಸಿ, ಮತ್ತೆ ಎತ್ತಿ, ಮತ್ತೆ ಕೆರೆಯಿರಿ. ಮೊದಮೊದಲು ಎರಡು ಮೂರು ಚುಕ್ಕೆ ಬೀಳುತ್ತವೆ. ಬರಬರುತ್ತಾ ತಳದ ತುಂಬ ಸಮನಾಗಿ ಕಪ್ಪು ಹರಡುತ್ತದೆ. ಅಲ್ಲಿ ನಿಲ್ಲಿಸಿ. ಒಂದು ಸಂಜೆಯಲ್ಲಿ ಮುಗಿಸುತ್ತೇನೆ ಅನ್ನುವವರು ಜಾಸ್ತಿ ಕೆರೆದು ಕೆಡಿಸುತ್ತಾರೆ. ಸಾಗುವಾನಿ ಉಳಿಯ ಅಂಚನ್ನು ಬೇಗ ಮೊಂಡು ಮಾಡುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಲಿ.

ಬ್ಯಾರಲ್ ಮಾತ್ರ ಮರಕ್ಕೆ ಎಲ್ಲೂ ತಾಗಬಾರದು. ದಪ್ಪ ಕಾಗದದ ಪಟ್ಟಿಯನ್ನು ಬ್ಯಾರಲ್ ಕೆಳಗೆ ತೂರಿಸಿ ಎಳೆಯಿರಿ. ಸಿಕ್ಕಿಕೊಂಡ ಕಡೆ ಉಜ್ಜಬೇಕು.

ಫೈನ್‌ವರ್ಕ್‌ಬೌ 300ಎಸ್ ಥರದ ಹಳೇ ಸ್ಪ್ರಿಂಗ್ ರೈಫಲ್ ಇದ್ದವರು ಇಲ್ಲಿ ಹುಷಾರು. ಅದರಲ್ಲಿ ಹೊಡೆದಾಗ ಇಡೀ ಆಕ್ಷನ್ ಹಳಿಯ ಮೇಲೆ ಹಿಂದಕ್ಕೆ ಜಾರುತ್ತದೆ, ಅದಕ್ಕೇ ಭುಜಕ್ಕೆ ಧಕ್ಕೆ ಗೊತ್ತಾಗುವುದಿಲ್ಲ. ಮರಕ್ಕೆ ಗಟ್ಟಿಯಾಗಿ ಕೂರಬೇಕಾದದ್ದು ಜಾರದೆ ನಿಲ್ಲುವ ಹಳಿಯ ಭಾಗ. ಜಾರುವ ಭಾಗದ ಹಿಂದೆ ಹಳೇ ಸ್ಟಾಕ್‌ನಲ್ಲಿ ಎಷ್ಟು ಜಾಗ ಬಿಟ್ಟಿದ್ದಾರೋ ಅಷ್ಟೇ ಬಿಡಿ. ಕಡಿಮೆಯಾದರೆ ಪ್ರತಿ ಹೊಡೆತಕ್ಕೂ ಲೋಹ ಮರಕ್ಕೆ ಗುದ್ದುತ್ತದೆ.

ಎಪಾಕ್ಸಿ ಹಾಸು

ಉಳಿದ ಸಣ್ಣಪುಟ್ಟ ಸಂದಿಗೆ ಎಪಾಕ್ಸಿ ಅಂಟು. ಎರಡು ಟ್ಯೂಬ್‌ನ ಅರಾಲ್ಡೈಟ್ ಆದೀತು, ಆದರೆ ನಿಧಾನಕ್ಕೆ ಗಟ್ಟಿಯಾಗುವ ಬಗೆ ತಗೊಳ್ಳಿ. ಪೇಂಟ್ ಅಂಗಡಿಯ ಅಲ್ಯೂಮಿನಿಯಂ ಪುಡಿ ಸ್ವಲ್ಪ ಬೆರೆಸಿದರೆ ಹರಿಯದೆ ನಿಲ್ಲುತ್ತದೆ. ಬಿಸಿಲಿದ್ದಷ್ಟೂ ಎಪಾಕ್ಸಿ ಬೇಗ ಸೆಟ್ ಆಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಜಾವವೇ ಕೂತುಬಿಡಿ.

ಸಾಗುವಾನಿಯಲ್ಲಿ ಎಣ್ಣೆ ಅಂಶ ಇರುತ್ತದೆ, ಅಂಟು ಹಿಡಿಯುವುದಿಲ್ಲ. ಹಚ್ಚುವ ಮೊದಲು ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕಾಡಿಗೆಯ ಜಿಡ್ಡೂ ಅದರ ಜೊತೆಗೇ ಹೋಗಲಿ. ಲೋಹಕ್ಕೆ, ಸ್ಕ್ರೂಗಳಿಗೆ ಮೇಣದ ಬೂಟ್ ಪಾಲಿಶ್ ಎರಡು ಸಲ ಹಚ್ಚಿ ಉಜ್ಜಿ. ಟ್ರಿಗರ್ ಗೂಡು, ಲೋಹದಲ್ಲಿರುವ ತೂತು, ಗೆರೆ ಎಲ್ಲವನ್ನೂ ಮಕ್ಕಳ ಆಟದ ಕ್ಲೇ ತುಂಬಿ ಮುಚ್ಚಿ. ಇದೊಂದು ಬಿಟ್ಟುಹೋದರೆ ಎಪಾಕ್ಸಿ ಒಳಗೆ ನುಗ್ಗಿ ಬೀಗ ಹಾಕುತ್ತದೆ, ಆಮೇಲೆ ಸ್ಟಾಕ್ ಸೀಳಿಯೇ ಆಕ್ಷನ್ ತೆಗೆಯಬೇಕು. ಆಕ್ಷನ್ ಇಳಿಸಿ, ಸ್ಕ್ರೂಗಳನ್ನು ಬೆರಳಲ್ಲಿ ತಿರುಗಿಸಿ ನಿಂತಷ್ಟಕ್ಕೆ ಬಿಡಿ. ಈಗಲೇ ಬಿಗಿದರೆ ಆ ಎಳೆತವೇ ಅಚ್ಚಾಗಿ ಉಳಿಯುತ್ತದೆ. ಒಂದು ದಿನ ಪೂರ್ತಿ ಮುಟ್ಟಬೇಡಿ.

ಸ್ಕ್ರೂ ಹೋಗುವ ತೂತಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಇನ್ನೂ ಒಳ್ಳೇದು. ಲೇತ್ ಇರುವ ಯಾವ ವರ್ಕ್‌ಶಾಪ್‌ನಲ್ಲೂ ಮಾಡಿಕೊಡುತ್ತಾರೆ. ಮರ ಕುಗ್ಗಿದರೂ ಸ್ಕ್ರೂ ಸಡಿಲಾಗುವುದಿಲ್ಲ. ಕೊಳವೆಯ ತುದಿ, ಬಟ್ ಪ್ಲೇಟ್ (ಭುಜಕ್ಕೆ ಒರಗುವ ಹಿಂದಿನ ಪಟ್ಟಿ) ಕೂರುವ ಮರದ ಮುಖ, ಇವನ್ನೆಲ್ಲ ಸಪಾಟು ಮಾಡಲು ನಮ್ಮೂರಲ್ಲಿ ಪುಕ್ಕಟೆ ಉಪಕರಣ ಇದೆ: ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಅದರ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿ.

ಎಳೆತ ಇದೆಯೋ ಇಲ್ಲವೋ?

ಸ್ಕ್ರೂಗಳನ್ನು ಬಿಗಿಯಿರಿ. ಟಾರ್ಕ್ ತೋರಿಸುವ ಪಾನಾ ಇದ್ದರೆ ತಯಾರಕರು ಹೇಳಿದಷ್ಟೇ, ಅದಕ್ಕಿಂತ ಜಾಸ್ತಿ ಬೇಡ. ಈಗ ಸ್ಟಾಕ್‌ನ ಮುಂತುದಿಯಲ್ಲಿ ಮರಕ್ಕೂ ಬ್ಯಾರಲ್‌ಗೂ ಒಟ್ಟಿಗೆ ತಾಗುವಂತೆ ಹೆಬ್ಬೆರಳು ಇಡಿ. ಇನ್ನೊಂದು ಕೈಯಿಂದ ಮುಂದಿನ ಸ್ಕ್ರೂ ಮೆಲ್ಲಗೆ ಸಡಿಲಿಸಿ. ಬ್ಯಾರಲ್ ಎದ್ದ ಹಾಗೆ ಬೆರಳಿಗೆ ಗೊತ್ತಾದರೆ ಆಕ್ಷನ್ ಬಾಗಿ ಕೂತಿತ್ತು ಅಂತ ಅರ್ಥ. ಸಣ್ಣ ಅಲುಗಾಟ ಅಳೆಯುವ ವರ್ಕ್‌ಶಾಪ್‌ನ ಡಯಲ್ ಗೇಜ್ ಸಿಕ್ಕರೆ ಇನ್ನೂ ಸರಿ, 0.05 ಮಿ.ಮೀ.ಗಿಂತ ಹೆಚ್ಚು ಅಲುಗಾಟ ಕಂಡರೆ ಎಪಾಕ್ಸಿ ಕೆರೆದು ಮತ್ತೆ ಹಾಸಿ. ಬೇಜಾರಿನ ಕೆಲಸ ಹೌದು. ಆದರೆ ಈ ಆಟದಲ್ಲಿ ಗುರಿಯ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ.

ಮೈಗೆ ಹೊಂದಿಸಿ, ಎಣ್ಣೆ ಹಚ್ಚಿ

ಕಣ್ಣು ಮುಚ್ಚಿ ರೈಫಲ್ ಭುಜಕ್ಕೇರಿಸಿ, ಕೆನ್ನೆ ಆರಾಮಾಗಿ ಇಡಿ, ಆಮೇಲೆ ಕಣ್ಣು ತೆರೆಯಿರಿ. ಹಿಂದಿನ ಸೈಟ್‌ನ ತೂತಿನ ನಡುವೆ ನೋಟ ಹಾದರೆ ಕೆನ್ನೆಯ ಎತ್ತರ ಸರಿ. ಕತ್ತು ಚಾಚಬೇಕಾದರೆ ಸ್ಟಾಕ್ ಉದ್ದ, ಮೂಗು ಸೈಟ್‌ಗೆ ಹತ್ತಿರ ಬಂದರೆ ಗಿಡ್ಡ. ಬಟ್ ಪ್ಲೇಟ್ ಹಿಂದೆ ತೆಳು ಪಟ್ಟಿ ಸೇರಿಸಿ ತೆಗೆದು ಹೊಂದಿಸಿ. ಶೂಟಿಂಗ್ ಜಾಕೆಟ್ ಹಾಕಿಕೊಂಡೇ ನೋಡಬೇಕು, ಬನಿಯನ್ ಮೇಲೆ ತೆಗೆದ ಅಳತೆ ಸುಳ್ಳು.

ಹೊರಗೆ 120, 220, 400 ನಂಬರಿನ ಎಮರಿ ಪೇಪರ್ ಕ್ರಮವಾಗಿ. ಆಮೇಲೆ ಅಗಸೆ ಎಣ್ಣೆ. ಅಡುಗೆಮನೆಯ ಅಗಸೆ ಎಣ್ಣೆ ಬೇಡ, ಅದು ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಪೇಂಟ್ ಅಂಗಡಿಯಲ್ಲಿ ಕುದಿಸಿದ್ದು ಅಂತ ಕೇಳಿ ತನ್ನಿ. ತೆಳ್ಳಗೆ ಹಚ್ಚಿ, ಒರೆಸಿ, ಒಣಗಿಸಿ, ಮತ್ತೆ ಹಚ್ಚಿ. ಕಣ್ಣಿಗೆ ಬೀಳದ ಒಳಗುಂಡಿಗೂ ಬಟ್ ಪ್ಲೇಟ್ ಕೆಳಗಿನ ಮುಖಕ್ಕೂ ಹಚ್ಚಲೇಬೇಕು, ತೇವ ಹೆಚ್ಚಾಗಿ ನುಗ್ಗುವುದು ಅಲ್ಲಿಂದಲೇ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.

ರೇಂಜ್‌ನಲ್ಲಿ ಮೊದಲ ದಿನ ಸ್ಕೋರ್ ಲೆಕ್ಕ ಹಾಕಬೇಡಿ. ಆಸರೆ ಇಟ್ಟು ಹತ್ತತ್ತು ಪೆಲೆಟ್ ಹೊಡೆದು ತೂತುಗಳ ಗುಂಪು ನೋಡಿ, ಗುಂಪು ಚಿಕ್ಕದಾಗಿ ಬಂದಮೇಲೆ ಸೈಟ್ ತಿರುಗಿಸಿ. ಮೊದಲ ಮಳೆ ಬಿದ್ದು ವಾರವಾದ ಮೇಲೆ ಹೆಬ್ಬೆರಳಿನ ಪರೀಕ್ಷೆ ಇನ್ನೊಮ್ಮೆ ಮಾಡಿ.