ಕೆರೆ ನೀರಿನ ಪ್ಲಾಸ್ಟಿಕ್ ಕಣ: ಫೋಟೊ ತೆಗೆದು ಎಣಿಸುವುದು ಹೇಗೆ?

ಕೆರೆಗೆ ಹೊರಡುವ ಮುನ್ನ ಪ್ಲಾಸ್ಟಿಕ್ ಕೊಡ ಬದಿಗಿಡಿ. ಕೈಯಲ್ಲಿ ಸ್ಟೀಲ್ ಬಕೆಟ್, ಮೈಮೇಲೆ ಹತ್ತಿ ಬಟ್ಟೆ ಇರಲಿ. ನಾವು ಹುಡುಕುತ್ತಿರುವುದು 5 ಮಿ.ಮೀ.ಗಿಂತ ಸಣ್ಣ ಚೂರು, ಎಳೆಗಳನ್ನು. ರಾಗಿ ಕಾಳಿನಷ್ಟಿದ್ದರೆ ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ಸಣ್ಣದಾದರೆ ಮರಳು, ಪಾಚಿಯ ನಡುವೆ ಗುರುತೇ ಹತ್ತುವುದಿಲ್ಲ. ಆಗ ನೆರವಿಗೆ ಬರುವುದು ಬಣ್ಣ ಮತ್ತು ಕ್ಯಾಮೆರಾ.

20 ಲೀಟರ್ ನೀರನ್ನು 0.1 ಮಿ.ಮೀ. ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೋಸಿ. ಉಳಿದದ್ದನ್ನು ಡಿಸ್ಟಿಲ್ಡ್ ವಾಟರ್‌ನಿಂದ ಗಾಜಿನ ಬೀಕರಿಗೆ ತೊಳೆದುಕೊಳ್ಳಿ. ಪಾಚಿ, ಎಲೆಚೂರು ಕರಗಿಸಲು 30% ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಇದು ಚರ್ಮ ಸುಡುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ, ಮೇಷ್ಟರ ಎದುರಿಗೇ ಮಾಡಿ. ಆಮೇಲೆ ಉಪ್ಪು ಇನ್ನು ಕರಗದು ಎನ್ನುವಷ್ಟು ಹಾಕಿದ, ಸೋಸಿದ ಉಪ್ಪುನೀರು ಬೆರೆಸಿ ರಾತ್ರಿಯಿಡೀ ಬಿಡಿ. ಪಾಲಿಥಿನ್, ಪಾಲಿಪ್ರೊಪಿಲೀನ್ ಮೇಲೆ ತೇಲುತ್ತವೆ. ಆದರೆ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್‌ನಂಥವು ತಳಕ್ಕೆ ಹೋಗುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ. ಇದನ್ನು ವರದಿಯಲ್ಲಿ ಬರೆಯಲೇಬೇಕು.

ತೇಲಿದ್ದಕ್ಕೆ ಪ್ಲಾಸ್ಟಿಕ್‌ಗೆ ಅಂಟುವ ಬಣ್ಣವಾದ ನೈಲ್ ರೆಡ್ ದ್ರಾವಣದ ಕೆಲವು ಹನಿ ಹಾಕಿ, ಅರ್ಧ ಗಂಟೆ ಬಿಟ್ಟು, 47 ಮಿ.ಮೀ. ಅಗಲದ ಗಾಜಿನಾರಿನ ಫಿಲ್ಟರ್ ಮೇಲೆ ಸೋಸಿ. ಕತ್ತಲೆ ಕೋಣೆಯಲ್ಲಿ ನೀಲಿ ಬೆಳಕು ಬಿಟ್ಟು, ಕ್ಯಾಮೆರಾ ಮುಂದೆ ಕಿತ್ತಳೆ ಗಾಜು ಹಿಡಿದರೆ ಪ್ಲಾಸ್ಟಿಕ್ ಮಿನುಗುತ್ತದೆ. ಕೊಬ್ಬಿನಂಶವೂ ಮಿನುಗುತ್ತದೆ, ಪೆರಾಕ್ಸೈಡ್ ಹಂತವನ್ನು ಬಿಡಬಾರದು ಎನ್ನುವುದು ಅದಕ್ಕೇ.

ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಫೋಕಸ್, ಬೆಳಕು ಎರಡೂ ಲಾಕ್ ಆಗಿರಲಿ. 50 ಮಿ.ಮೀ. ಅಗಲ 4,000 ಪಿಕ್ಸೆಲ್‌ಗೆ ಬಂದರೆ, 0.1 ಮಿ.ಮೀ. ಕಣಕ್ಕೆ ಸಿಗುವುದು ಅಡ್ಡಕ್ಕೆ 8 ಪಿಕ್ಸೆಲ್ ಮಾತ್ರ.

ಈಗ ಉಚಿತ ತಂತ್ರಾಂಶ ಇಮೇಜ್‌ಜೆ ತೆರೆಯಿರಿ. ಸ್ಕೇಲಿನ ಮೇಲೆ ಗೆರೆ ಎಳೆದು ‘ಸೆಟ್ ಸ್ಕೇಲ್’ ಕೊಡಿ. ಚಿತ್ರವನ್ನು 8 ಬಿಟ್‌ಗೆ (ಬೂದು ಛಾಯೆಗೆ) ತಂದು ‘ಥ್ರೆಶೋಲ್ಡ್’ನಲ್ಲಿ, ಅಂದರೆ ಹೊಳಪಿನ ಗಡಿಯಲ್ಲಿ, ಮಿನುಗುವುದನ್ನಷ್ಟೇ ಆರಿಸಿ. ‘ಅನಲೈಸ್ ಪಾರ್ಟಿಕಲ್ಸ್’ನಲ್ಲಿ 0.008 ಚದರ ಮಿ.ಮೀ.ಗಿಂತ ಚಿಕ್ಕದನ್ನು ಬಿಟ್ಟುಬಿಡಿ. ಥ್ರೆಶೋಲ್ಡ್ ಅಂಕಿಯನ್ನು ಬರೆದಿಟ್ಟುಕೊಂಡು ಎಲ್ಲ ಫೋಟೊಗೂ ಅದನ್ನೇ ಬಳಸಿ. ಒಂದೊಂದಕ್ಕೆ ಒಂದೊಂದು ಇಟ್ಟರೆ ನಮಗೆ ಬೇಕಾದ ಉತ್ತರವನ್ನು ನಾವೇ ಬರೆದುಕೊಂಡಂತೆ. ಬಟ್ಟೆಯ ಎಳೆಗಳು ಒಂದೆರಡು ಪಿಕ್ಸೆಲ್‌ನಷ್ಟು ತೆಳ್ಳಗೆ. ಕಂಪ್ಯೂಟರ್ ಒಂದನ್ನೇ ನಾಲ್ಕು ತುಂಡೆಂದು ಎಣಿಸೀತು. ಅವನ್ನು ಕಣ್ಣಾರೆ ನೋಡಿಯೇ ಎಣಿಸಿ.

ಕೊನೆಗೆ, ಕೆರೆ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಹಾಕಿ ಜರಡಿಯಿಂದ ಫೋಟೊವರೆಗೆ ಎಲ್ಲವನ್ನೂ ಮತ್ತೊಮ್ಮೆ ಮಾಡಿ. ಇದರಲ್ಲಿ ಸಿಗುವುದು ಕೆರೆಯದಲ್ಲ, ಕೆಲಸದ ನಡುವೆ ಹೊರಗಿನಿಂದ ಸೇರಿದ್ದು. ನಾವು ಮೊದಲ ಸಲ ಮಾಡಿದಾಗ ಈ ಖಾಲಿ ಫಿಲ್ಟರ್ ಮೇಲೇ ಒಂದು ನೀಲಿ ಎಳೆ ಸುರುಳಿ ಸುತ್ತಿಕೊಂಡಿತ್ತು. ಕಿಟಕಿಯ ಪರದೆಯದೇ ಬಣ್ಣ. ಕೆರೆ ನೀರಲ್ಲಿ 46, ಖಾಲಿಯಲ್ಲಿ 6 ಸಿಕ್ಕರೆ ಉಳಿಯುವುದು 40, ಅಂದರೆ ಲೀಟರಿಗೆ 2. ಅನುಮಾನದ ಚೂರಿಗೆ ಕಾದ ಸೂಜಿ ತಾಗಿಸಿ. ಪ್ಲಾಸ್ಟಿಕ್ ಆದರೆ ಸಾಮಾನ್ಯವಾಗಿ ಕರಗುತ್ತದೆ, ಇಲ್ಲವೇ ಮುದುಡುತ್ತದೆ. ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿಯಲು ಬೆಳಕು ಹಾಯಿಸಿ ವಸ್ತುವನ್ನು ಗುರುತಿಸುವ ಎಫ್‌ಟಿಐಆರ್ ಅಥವಾ ರಾಮನ್ ಯಂತ್ರವಿರುವ ಲ್ಯಾಬ್‌ಗೆ ಆ ಫಿಲ್ಟರನ್ನು ಗಾಜಿನ ತಟ್ಟೆಯಲ್ಲಿ ಮುಚ್ಚಿ ಕೊಂಡೊಯ್ಯಿರಿ.